ಉಪ್ಪು, ಯೂರಿಯಾ, ಫ್ಲೋರೈಡು, ಬಂಡೆ: ಬಂಧದ ಬಗ್ಗೆ ನೀವು ಕೇಳಿದ್ದು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕೆಮಿಸ್ಟ್ರಿದೇ, ಅದ್ರಲ್ಲೂ ಅಯಾನಿಕ್ ಬಂಧ, ಕೋವೇಲೆಂಟ್ ಬಂಧದ್ದು. ಪರೀಕ್ಷೆ ಹತ್ರ ಬಂತಲ್ಲ ಅದಕ್ಕಿರಬೇಕು ಅಂದ್ಕೊಂಡೆ, ನೋಡಿದ್ರೆ ತೋಟದವರೂ ಬರೆದಿದಾರೆ, ಮನೆಯಲ್ಲಿ ನೀರಿನ ತಲೆನೋವು ಇರೋರೂ ಬರೆದಿದಾರೆ. ಎಲ್ಲಾ ಒಂದೇ ಕಡೆ ಹಾಕ್ತಿದೀನಿ. ಕೆಲವಕ್ಕೆ ಉತ್ತರ ಉದ್ದ ಆಯ್ತು, ಕೆಲವು ಚಿಕ್ಕದಾಗೇ ಮುಗೀತು.

ಪ್ರಶ್ನೆ: ಮೇಡಂ, ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡತ್ತೆ, ಕ್ಲೋರಿನ್ ಅದನ್ನ ತಗೊಳತ್ತೆ, ಎರಡಕ್ಕೂ ಹೊರಗಡೆ ಎಂಟೆಂಟು ಆಗತ್ತೆ ಅಂತ ಪುಸ್ತಕದಲ್ಲಿದೆ. ಆದ್ರೆ ಸೋಡಿಯಂ ಯಾಕೆ ಕೊಡಬೇಕು? ಕೇಳಿದ್ರೆ ಎಲ್ಲರೂ ಸ್ಥಿರತೆ ಸ್ಥಿರತೆ ಅಂತಾರೆ, ಮುಂದಕ್ಕೆ ಹೇಳಲ್ಲ.
— ಹತ್ತನೇ ಕ್ಲಾಸ್ ಹುಡುಗಿ, ಶಿರಾ

ಉತ್ತರ: ಪುಟ್ಟಿ, ನಿನ್ನ ಅನುಮಾನ ಸರಿಯಾಗೇ ಇದೆ, ಬಿಡಬೇಡ. ಸೋಡಿಯಂ ತಾನಾಗಿ ಏನನ್ನೂ ಕೊಡಲ್ಲ. ಒಂಟಿಯಾಗಿರೋ ಸೋಡಿಯಂ ಪರಮಾಣುವಿಂದ ಹೊರಗಿನ ಆ ಒಂದು ಎಲೆಕ್ಟ್ರಾನ್ ಕೀಳಬೇಕು ಅಂದ್ರೆ ನಾವು ಶಕ್ತಿ ಹಾಕಬೇಕು, ಮೋಲ್‌ಗೆ (ಮೋಲ್ ಅಂದ್ರೆ ಪರಮಾಣುಗಳನ್ನ ಎಣಿಸೋ ಒಂದು ಅಳತೆ) 496 ಕಿಲೋಜೌಲ್. ಕ್ಲೋರಿನ್ ಪರಮಾಣುಗೆ ಆ ಎಲೆಕ್ಟ್ರಾನ್ ಸಿಕ್ಕಾಗ ಶಕ್ತಿ ಹೊರಗೆ ಬರತ್ತೆ ನಿಜ, ಆದ್ರೆ ಅದು 349 ಅಷ್ಟೇ. ಕಳೆದು ನೋಡು, 147 ಕಿಲೋಜೌಲ್ ಇನ್ನೂ ಕೈಯಿಂದಲೇ ಹೋಯ್ತು. ಇದರ ಜೊತೆಗೆ ಗಟ್ಟಿ ಸೋಡಿಯಂ ಲೋಹವನ್ನ ಬಿಡಿಬಿಡಿ ಪರಮಾಣು ಮಾಡೋಕೆ 107, ಕ್ಲೋರಿನ್ ಜೋಡಿಯಾಗಿ ಇರತ್ತಲ್ಲ ಅದನ್ನ ಒಡೆದು ಒಂದು ಪರಮಾಣು ತಗೊಳ್ಳೋಕೆ 122, ಎಲ್ಲಾ ಸೇರಿ 376 ಕಿಲೋಜೌಲ್ ಖರ್ಚು. ಇಲ್ಲಿಗೇ ಕಥೆ ನಿಂತಿದ್ರೆ ಪ್ರಪಂಚದಲ್ಲಿ ಉಪ್ಪೇ ಇರ್ತಿರಲಿಲ್ಲ.

ಲಾಭ ಬರೋದು ಆಮೇಲೆ. ಪ್ಲಸ್ ಆಗಿರೋ ಸೋಡಿಯಂ, ಮೈನಸ್ ಆಗಿರೋ ಕ್ಲೋರೈಡ್ ಒಂದನ್ನೊಂದು ಎಳ್ಕೊಂಡು ಹತ್ರ ಬಂದು ಸಾಲುಸಾಲಾಗಿ ಜೋಡಿಸ್ಕೊಂಡು ಹರಳು ಕಟ್ಟತ್ವಲ್ಲ, ಆಗ 787 ಕಿಲೋಜೌಲ್ ಒಂದೇ ಸಲ ಬಿಡುಗಡೆ ಆಗತ್ತೆ. 787ರಲ್ಲಿ 376 ಕಳೆದ್ರೆ ಉಳಿಯೋದು 411. ಅಂದ್ರೆ ಒಂದು ಮೋಲ್, 58.5 ಗ್ರಾಂ ಉಪ್ಪು ಹುಟ್ಟುವಾಗ ಹೊರಗೆ ಬರೋ ಶಾಖದಲ್ಲಿ ಒಂದು ಲೀಟರ್‌ಗೂ ಹೆಚ್ಚು ತಣ್ಣೀರು ಕುದಿಯೋ ಮಟ್ಟಕ್ಕೆ ಬರತ್ತೆ. ಈ ಲೆಕ್ಕ ಹಾಕೋ ದಾರಿಯನ್ನ ಬಾರ್ನ್, ಹೇಬರ್ ಅನ್ನೋ ಜರ್ಮನ್ ವಿಜ್ಞಾನಿಗಳು 1919ರಲ್ಲಿ ತೋರಿಸಿದ್ರು, ನೀನು ಪಿಯುಸಿಗೆ ಹೋದಾಗ ಬರತ್ತೆ. ಹಾಗಾಗಿ ಅಯಾನಿಕ್ ಬಂಧ ಅಂದ್ರೆ ಆ ಕೊಡು-ತಗೋ ಅಲ್ಲವೇ ಅಲ್ಲ, ಕೊಟ್ಟು ತಗೊಂಡಾದ ಮೇಲೆ ಪ್ಲಸ್ಸು ಮೈನಸ್ಸಿನ ಮಧ್ಯೆ ನಡೆಯೋ ಎಳೆತ. ಸ್ಥಿರತೆ ಅನ್ನೋದು ಒಂಟಿ ಸೋಡಿಯಂ ಒಳಗೆ ಇಲ್ಲ, ಇಡೀ ಹರಳಿನಲ್ಲಿ ಇದೆ.

ಹಾಗಾದ್ರೆ ಎಂಟರ ನಿಯಮ ಸುಳ್ಳಾ ಅಂತ ಕೇಳಬೇಡ, ಸುಳ್ಳಲ್ಲ, ಅದು ನೆನಪಿಟ್ಕೊಳ್ಳೋಕೆ ಒಂದು ಗುರುತು. 1916ರಲ್ಲಿ ಅಮೆರಿಕದ ಲೂಯಿಸ್ ಮತ್ತು ಜರ್ಮನಿಯ ಕೋಸೆಲ್ ಬೇರೆಬೇರೆಯಾಗಿ ಬರೆದದ್ದರಿಂದ ಬಂದ ನಿಯಮ ಅದು. ಸೋಡಿಯಂನಿಂದ ಎರಡನೇ ಎಲೆಕ್ಟ್ರಾನ್ ಕೀಳೋಕೆ ಸುಮಾರು 4560 ಕಿಲೋಜೌಲ್ ಬೇಕು, ಯಾವ ಹರಳು ಕಟ್ಟಿದ್ರೂ ಅಷ್ಟು ವಾಪಸ್ ಬರಲ್ಲ, ಅದಕ್ಕೇ ಒಂದಕ್ಕೆ ನಿಲ್ಲತ್ತೆ, ನಿಂತ ಜಾಗದಲ್ಲಿ ನೋಡಿದ್ರೆ ಎಂಟು ಇರತ್ತೆ. ಎಂಟು ಬೇಕು ಅಂತ ಅದು ಹುಡುಕ್ಕೊಂಡು ಹೋಗಿದ್ದಲ್ಲ.

ಇನ್ನೊಂದು ಮಾತು, ಇದನ್ನ ಪುಸ್ತಕದ ಚಿತ್ರ ನೋಡಿದೋರು ಯಾರೂ ನಂಬಲ್ಲ. ಉಪ್ಪಿನ ಹರಳಲ್ಲಿ ಒಂದು ಸೋಡಿಯಂಗೆ ಒಂದು ಕ್ಲೋರಿನ್ ಅಂತ ಜೋಡಿ ಇಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ, ಯಾರ ಜೋಡಿ ಯಾರು ಅಂತ ಹೇಳೋಕೇ ಆಗಲ್ಲ. ಉಪ್ಪಿನ ಮೇಲೆ ಎಕ್ಸ್‌ರೇ ಬಿಟ್ಟು ಇದನ್ನ 1913ರಲ್ಲಿ ಕಂಡುಹಿಡಿದದ್ದು ಬ್ರ್ಯಾಗ್ ಅನ್ನೋ ಅಪ್ಪ-ಮಗ, 1915ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ಮಗನಿಗೆ ಆಗ ವಯಸ್ಸು 25. ಆದ್ರೂ 1927ರಲ್ಲಿ ಆರ್ಮ್‌ಸ್ಟ್ರಾಂಗ್ ಅನ್ನೋ ಇಂಗ್ಲೆಂಡಿನ ಹಿರಿಯ ಕೆಮಿಸ್ಟ್ ಒಬ್ಬರು ನೇಚರ್ ಪತ್ರಿಕೆಗೆ ಕಾಗದ ಬರೆದು, ಉಪ್ಪಿನಲ್ಲಿ ಅಣುವೇ ಇಲ್ಲ ಅನ್ನೋದು ಬುದ್ಧಿ ಇರೋರು ಒಪ್ಪೋ ಮಾತಲ್ಲ ಅಂತ ರೇಗಾಡಿದ್ರು. ದೊಡ್ಡ ದೊಡ್ಡೋರಿಗೇ ಅಷ್ಟು ಕಷ್ಟ ಆಗಿತ್ತು, ನಿನಗೆ ಅನುಮಾನ ಬಂದ್ರೆ ಆಶ್ಚರ್ಯ ಏನಿಲ್ಲ.

ಪ್ರಶ್ನೆ: ಮೇಡಂ ನಮಸ್ಕಾರ, ನಮ್ದು ಚಿಕ್ಕಬಳ್ಳಾಪುರ ಹತ್ರ, ದ್ರಾಕ್ಷಿ ಐತೆ, ಡ್ರಿಪ್‌ನಲ್ಲೇ ಗೊಬ್ಬರ ಬಿಡ್ತೀವಿ. ಮಗ ಇ.ಸಿ. ಮೀಟರ್ ತಂದವ್ನೆ. ಟ್ಯಾಂಕಿಗೆ ಪೊಟ್ಯಾಷ್ ಹಾಕಿದ್ರೆ ಮೀಟರ್ ಸರ್ರನೆ ಏರ್ತದೆ, ಯೂರಿಯಾ ಎಷ್ಟು ಹಾಕಿದ್ರೂ ಇದ್ದಲ್ಲೇ ಇರ್ತದೆ. ಮೀಟರ್ ಕೆಟ್ಟೋಗದಾ ಇಲ್ಲಾ ಯೂರಿಯಾನೇ ಡೂಪ್ಲಿಕೇಟಾ?
— ದ್ರಾಕ್ಷಿ ಬೆಳೆಗಾರರು

ಉತ್ತರ: ಅಣ್ಣಾ, ಎರಡೂ ಸರಿಯಾಗಿದಾವೆ. ನೀವು ಗೊತ್ತಿಲ್ಲದಂಗೇ ಈ ಪಾಠದ ಅತಿ ಒಳ್ಳೆ ಪ್ರಯೋಗ ಮಾಡಿದೀರ, ಲ್ಯಾಬಿನಲ್ಲಿ ಬಲ್ಬು ಬ್ಯಾಟರಿ ಇಟ್ಟು ತೋರಿಸೋದೂ ಇದನ್ನೇ.

ಆ ಮೀಟರ್ ಗೊಬ್ಬರ ಎಷ್ಟಿದೆ ಅಂತ ಅಳೆಯಲ್ಲ. ಎರಡು ಕಡ್ಡಿ ಮಧ್ಯೆ ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅಂತ ನೋಡತ್ತೆ ಅಷ್ಟೇ, ಇ.ಸಿ. ಅಂದ್ರೆ ಅದೇ. ನೀರಲ್ಲಿ ಕರೆಂಟ್ ಹೊರೋದು ಓಡಾಡೋ ಅಯಾನುಗಳು, ಅಂದ್ರೆ ಪ್ಲಸ್ಸೋ ಮೈನಸ್ಸೋ ಚಾರ್ಜ್ ಇರೋ ಕಣಗಳು. ನೀವು ಹಾಕೋ ಕೆಂಪು ಪೊಟ್ಯಾಷ್, ಅಂದ್ರೆ ಎಂ.ಒ.ಪಿ., ಅದು ಪೊಟ್ಯಾಸಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ತಮ್ಮ. ಅಯಾನಿಕ್ ವಸ್ತು. ಹರಳಿನಲ್ಲಿ ಇದ್ದಾಗಲೇ ಅದು ಪ್ಲಸ್ ಪೊಟ್ಯಾಸಿಯಂ, ಮೈನಸ್ ಕ್ಲೋರೈಡ್ ಆಗೇ ಇರತ್ತೆ, ಆದ್ರೆ ಅಲ್ಲಾಡೋಕೆ ಆಗಲ್ಲ, ಅದಕ್ಕೇ ಒಣ ಪೊಟ್ಯಾಷ್ ಚೀಲದಲ್ಲಿ ಕರೆಂಟ್ ಹರಿಯಲ್ಲ. ನೀರಿಗೆ ಬಿದ್ದ ತಕ್ಷಣ ನೀರಿನ ಅಣುಗಳು ಒಂದೊಂದು ಅಯಾನನ್ನೂ ಸುತ್ತುವರಿದು ಹರಳಿಂದ ಬಿಡಿಸಿ ಕರ್ಕೊಂಡು ಹೋಗ್ತವೆ, ಆಗ ಅವು ಸ್ವತಂತ್ರ, ಮೀಟರ್ ಏರತ್ತೆ.

ಯೂರಿಯಾ ಹಾಗಲ್ಲ. ಅದರಲ್ಲಿ ಕಾರ್ಬನ್ನು, ಆಕ್ಸಿಜನ್ನು, ನೈಟ್ರೋಜನ್ನು, ಹೈಡ್ರೋಜನ್ನು ನಾಲ್ಕೂ ಇದಾವೆ, ಎಲ್ಲಾ ಕೋವೇಲೆಂಟ್ ಬಂಧದಲ್ಲಿ ಕೂತಿದಾವೆ, ಅಂದ್ರೆ ಯಾರೂ ಎಲೆಕ್ಟ್ರಾನ್ ಬಿಟ್ಟುಕೊಟ್ಟಿಲ್ಲ, ಇಬ್ಬರ ಮಧ್ಯೆ ಜೋಡಿ ಎಲೆಕ್ಟ್ರಾನ್ ಹಂಚ್ಕೊಂಡಿದಾರೆ. ನೀರಿಗೆ ಹಾಕಿದಾಗ ಯೂರಿಯಾ ಅಣು ಅಣುವಾಗೇ ಬಿಡಿಬಿಡಿ ಆಗತ್ತೆ, ಅಣುವಿನ ಒಳಗೆ ಏನೂ ಮುರಿಯಲ್ಲ. ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ, ಕರೆಂಟ್ ಹೊರೋಕೆ ಯಾರೂ ಇಲ್ಲ. ಸಕ್ಕರೆ ಕರಗಿಸಿ ನೋಡಿ, ಅದೂ ಹೀಗೇ.

ಮೀಟರ್ ಮೇಲೆ ಇನ್ನೂ ಅನುಮಾನ ಇದ್ರೆ ಅದರ ಜೊತೆ 1413 ಅಂತ ಬರೆದಿರೋ ಚಿಕ್ಕ ಪ್ಯಾಕೆಟ್ಟೋ ಬಾಟ್ಲಿನೋ ಕೊಟ್ಟಿರ್ತಾರೆ, ಅದು ಲೀಟರ್‌ಗೆ ಮುಕ್ಕಾಲು ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರೋ ನೀರು, ಅದರಲ್ಲಿ ಅದ್ದಿದ್ರೆ 25 ಡಿಗ್ರಿಯಲ್ಲಿ 1413 ಮೈಕ್ರೋಸೀಮೆನ್ಸ್ ತೋರಿಸಬೇಕು, ತೋರಿಸಿದ್ರೆ ಮೀಟರ್ ಗಟ್ಟಿ.

ಈಗ ಮುಖ್ಯ ವಿಷಯ. ಮೀಟರ್ ಏರ್ತಿಲ್ಲ ಅಂತ ಯೂರಿಯಾ ಸುರೀತಾ ಹೋಗಬೇಡಿ ಅಣ್ಣ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಮೀಟರ್‌ಗೆ ಕಾಣದೇ ಇರಬಹುದು, ಬೇರಿಗೆ ಕಾಣತ್ತೆ, ಜಾಸ್ತಿ ಆದ್ರೆ ಸುಡತ್ತೆ. ಮಣ್ಣಿಗೆ ಬಿದ್ದ ಮೇಲೆ ಅಲ್ಲಿರೋ ಯೂರಿಯೇಸ್ ಅನ್ನೋ ಕಿಣ್ವ ಅದನ್ನ ಒಡೆದು ಅಮೋನಿಯಂ ಮಾಡತ್ತೆ, ಆಮೇಲೆ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡ್ತವೆ, ಇವೆರಡೂ ಅಯಾನುಗಳು, ಅಂದ್ರೆ ಟ್ಯಾಂಕಲ್ಲಿ ಕಾಣದ ಇ.ಸಿ. ಒಂದೆರಡು ದಿನ ಬಿಟ್ಟು ಮಣ್ಣಲ್ಲಿ ಬರತ್ತೆ. 19:19:19 ಥರದ ಮಿಶ್ರ ಗೊಬ್ಬರದಲ್ಲೂ ಸಾರಜನಕದ ಒಂದು ಭಾಗ ಯೂರಿಯಾ ರೂಪದಲ್ಲೇ ಇರತ್ತೆ, ಚೀಲದ ಮೇಲೆ ಬರೆದಿರ್ತಾರೆ ಓದಿ. ಯೂರಿಯಾನ ತಕ್ಕಡಿಯಲ್ಲೇ ಅಳೀರಿ, ಮೀಟರ್ ಬೇರೆದಕ್ಕೆ ಇಟ್ಕೊಳ್ಳಿ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಕ್ಯಾಲ್ಸಿಯಂ ನೈಟ್ರೇಟ್ ಮತ್ತೆ ಮೆಗ್ನೀಸಿಯಂ ಸಲ್ಫೇಟ್ ಎರಡನ್ನೂ ಒಂದೇ ಡ್ರಮ್ಮಲ್ಲಿ ಗಟ್ಟಿಯಾಗಿ ಕಲಸಬೇಡಿ. ನೀರಲ್ಲಿ ಕರಗಿದ ಮೇಲೆ ಯಾವ ಅಯಾನು ಯಾವ ಚೀಲದಿಂದ ಬಂತು ಅನ್ನೋ ಗುರುತೇ ಇರಲ್ಲ, ಕ್ಯಾಲ್ಸಿಯಂ ಹೋಗಿ ಸಲ್ಫೇಟ್ ಹಿಡ್ಕೊಂಡು ಜಿಪ್ಸಂ ಆಗತ್ತೆ, ಅದು ಲೀಟರ್‌ಗೆ ಎರಡೂವರೆ ಗ್ರಾಂ ಕೂಡ ಕರಗಲ್ಲ, ಬೆಳ್ಳಗೆ ತಳಕ್ಕೆ ಕೂತು ಡ್ರಿಪ್ಪರ್ ಕಟ್ಕೊಳತ್ತೆ. ಫಾಸ್ಫೇಟ್ ಇರೋ ಗೊಬ್ಬರದ ಜೊತೆಗೂ ಇದೇ ಕಾಟ. ಪಾಲಿಹೌಸ್‌ನವರು ಎ ಟ್ಯಾಂಕ್, ಬಿ ಟ್ಯಾಂಕ್ ಅಂತ ಎರಡು ಇಡೋದು ಸುಮ್ನೆ ಅಲ್ಲ.

ಪ್ರಶ್ನೆ: ನಮ್ಮೂರಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ಬೋರ್ಡ್ ಹಾಕಿದಾರೆ. ನಾನು ದಿನಾ ಚೆನ್ನಾಗಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಮಕ್ಕಳಿಗೆ ಕೊಡ್ತೀನಿ. ಸಾಕಲ್ವಾ ಮೇಡಂ? ಇನ್ನೊಂದು, ನಾನ್‌ಸ್ಟಿಕ್ ತವಾದಲ್ಲೂ ಫ್ಲೋರಿನ್ ಇದೆ ಅಂತಾರಲ್ಲ, ಎರಡೂ ಒಂದೇನಾ?
— ಗೃಹಿಣಿ, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಅಮ್ಮಾ, ಸಾಕಾಗಲ್ಲ, ಕುದಿಸೋದ್ರಿಂದ ಫ್ಲೋರೈಡ್ ಮಟ್ಟಿಗೆ ಸ್ವಲ್ಪ ಕೆಟ್ಟದ್ದೇ ಆಗತ್ತೆ. ಕುದಿಸಿದ್ರೆ ಕ್ರಿಮಿ ಸಾಯ್ತವೆ, ಅದು ನಿಜ. ಫ್ಲೋರೈಡ್ ಕ್ರಿಮಿ ಅಲ್ಲ, ಆವಿಯಾಗಿ ಹೋಗೋ ವಸ್ತುನೂ ಅಲ್ಲ. ಅದು ಮೈನಸ್ ಚಾರ್ಜ್ ಇರೋ ಒಂದು ಅಯಾನು, ಸುತ್ತ ನೀರಿನ ಅಣುಗಳು ಅದನ್ನ ಹಿಡ್ಕೊಂಡಿರ್ತವೆ, ಪಾತ್ರೆಯಿಂದ ಆವಿಯಾಗಿ ಹೋಗೋದು ಬರೀ ನೀರು. ಎರಡು ಲೀಟರ್ ಇದ್ದದ್ದು ಒಂದೂವರೆ ಆಗೋವರೆಗೆ ಕುದಿಸಿದ್ರೆ ಅಷ್ಟೂ ಫ್ಲೋರೈಡ್ ಆ ಒಂದೂವರೆ ಲೀಟರಲ್ಲೇ ಉಳಿಯತ್ತೆ. ಬಟ್ಟೆ, ಕ್ಯಾಂಡಲ್ ಫಿಲ್ಟರು ಇವು ಯಾವುವೂ ಕರಗಿರೋ ಅಯಾನನ್ನ ತಡೆಯಲ್ಲ, ಬಟ್ಟೆಯ ತೂತಿನ ಮುಂದೆ ಅದು ಲಕ್ಷಗಟ್ಟಲೆ ಪಟ್ಟು ಚಿಕ್ಕದು.

ಎಲ್ಲಿಂದ ಬರತ್ತೆ ಅಂತೀರಾ? ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಆ ಕಡೆ ಪಾವಗಡ, ಎಲ್ಲಾ ಗ್ರಾನೈಟು, ಅದರ ಥರದ್ದೇ ನೈಸ್ ಅನ್ನೋ ಬಂಡೆಯ ಮೇಲೆ ಕೂತಿರೋ ಊರುಗಳು. ಆ ಬಂಡೆಯಲ್ಲಿರೋ ಕಾಗೆಬಂಗಾರದಂಥ ಖನಿಜಗಳಲ್ಲಿ, ಫ್ಲೋರೈಟ್ ಅನ್ನೋ ಖನಿಜದಲ್ಲಿ ಫ್ಲೋರೈಡ್ ಇರತ್ತೆ. ಕೆರೆ ತುಂಬಿ ಮೇಲಿನ ಬಾವಿಯಲ್ಲೇ ನೀರು ಸಿಗ್ತಿದ್ದಾಗ ಇಷ್ಟು ತೊಂದರೆ ಇರಲಿಲ್ಲ. ಈಗ ಸಾವಿರ ಅಡಿ ದಾಟಿ ಕೊರೀತೀವಿ, ಆ ಆಳದಲ್ಲಿ ನೀರು ಬಂಡೆ ಸಂದಿಯಲ್ಲಿ ವರ್ಷಾನುಗಟ್ಟಲೆ ನಿಂತಿರತ್ತೆ, ನಿಧಾನಕ್ಕೆ ಕರಗಿಸ್ಕೊಳತ್ತೆ. ಕ್ಯಾಲ್ಸಿಯಂ ಜಾಸ್ತಿ ಇರೋ ನೀರಲ್ಲಿ ಫ್ಲೋರೈಡ್ ತುಂಬಾ ಏರಲ್ಲ, ಯಾಕೆಂದ್ರೆ ಎರಡೂ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೂತ್ಬಿಡ್ತವೆ, ಅದು ಲೀಟರ್‌ಗೆ ಹದಿನೈದಿಪ್ಪತ್ತು ಮಿಲಿಗ್ರಾಂಗಿಂತ ಹೆಚ್ಚು ಕರಗಲ್ಲ. ಸೋಡಿಯಂ ಜಾಸ್ತಿ ಇರೋ ಸಪ್ಪೆ-ಸವಳು ನೀರಲ್ಲೇ ಏರೋದು. ಹಾಗಾಗಿ ಪಾತ್ರೆಗೆ ಬಿಳಿ ಕರೆ ಕಟ್ಟಲ್ಲ, ನೀರು ಮೆದು ಇದೆ ಅಂತ ಧೈರ್ಯವಾಗಿ ಕುಡಿಯಂಗಿಲ್ಲ.

ನಮ್ಮ ದೇಶದ ಮಾನಕದಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ. ಅದನ್ನ ದಾಟಿದ್ರೆ ಮೊದಲು ಕಾಣೋದು ಮಕ್ಕಳ ಹಲ್ಲಿನ ಮೇಲೆ, ಸುಣ್ಣದ ಬಣ್ಣ, ಆಮೇಲೆ ಕಂದು ಗೀಟು. ಹಲ್ಲಿನ ಖನಿಜದಲ್ಲಿ ಹೈಡ್ರಾಕ್ಸೈಡ್ ಕೂರೋ ಜಾಗ ಇದೆ, ಫ್ಲೋರೈಡ್ ಸುಮಾರು ಅದೇ ಗಾತ್ರದ್ದು, ಚಾರ್ಜೂ ಅದೇ, ಅಲ್ಲೇ ಹೋಗಿ ಕೂತ್ಕೊಳತ್ತೆ. ಸ್ವಲ್ಪ ಆದ್ರೆ ಹಲ್ಲು ಹುಳುಕು ತಡೆಯತ್ತೆ, ಟೂತ್‌ಪೇಸ್ಟಿಗೆ ಹಾಕೋದು ಅದಕ್ಕೇ. ಆದ್ರೆ ಹಲ್ಲು ಇನ್ನೂ ಒಳಗೆ ಬೆಳೀತಿರೋ ವಯಸ್ಸಲ್ಲಿ ದಿನಾ ಜಾಸ್ತಿ ಹೊಟ್ಟೆಗೆ ಹೋದ್ರೆ ಎನಾಮಲ್ ಸರಿಯಾಗಿ ಕಟ್ಟಲ್ಲ, ವರ್ಷಗಟ್ಟಲೆ ಹೀಗೇ ಆದ್ರೆ ಮೂಳೆಗೂ ಬರತ್ತೆ.

ಕುಡಿಯೋಕೆ, ಅಡುಗೆಗೆ ಆರ್‌ಓ ನೀರು ತಗೊಳ್ಳಿ, ಊರಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬ್ಕೊಳ್ಳೋ ಘಟಕ ಇದ್ರೆ ಅದೇ ಆಯ್ತು, ಮೆಂಬ್ರೇನ್ ಬದಲಾಯಿಸಿ ಎಷ್ಟು ದಿನ ಆಯ್ತು ಅಂತ ಮಾತ್ರ ಕೇಳ್ತಾ ಇರಿ. ಮನೆ ಆರ್‌ಓದಿಂದ ಹೊರಗೆ ಬೀಳೋ ವೇಸ್ಟ್ ನೀರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರತ್ತೆ, ಹಸು ಎಮ್ಮೆಗೆ ಕುಡಿಸಬೇಡಿ, ನೆಲ ಒರೆಸಿ. ಪಟಕ, ಸುಣ್ಣ ಹಾಕಿ ಫ್ಲೋರೈಡ್ ಇಳಿಸೋ ನಲ್ಗೊಂಡ ವಿಧಾನ ಅಂತ ಒಂದಿದೆ, ಕೆಲಸ ಮಾಡತ್ತೆ, ಆದ್ರೆ ಅಂದಾಜಲ್ಲಿ ಹಾಕಿದ್ರೆ ಅಲ್ಯೂಮಿನಿಯಂ ನೀರಲ್ಲಿ ಉಳಿಯತ್ತೆ, ಮನೇಲಿ ಪ್ರಯೋಗ ಬೇಡ.

ಇನ್ನು ತವಾ. ಧಾತು ಒಂದೇ, ಬಂಧ ಬೇರೆ, ಅದಕ್ಕೇ ಗುಣ ಪೂರ್ತಿ ಬೇರೆ. ತವಾ ಮೇಲಿನ ಟೆಫ್ಲಾನ್‌ನಲ್ಲಿ ಫ್ಲೋರಿನ್ನು ಕಾರ್ಬನ್ ಜೊತೆ ಕೋವೇಲೆಂಟ್ ಬಂಧದಲ್ಲಿದೆ, ಸಾವಯವ ರಸಾಯನದಲ್ಲೇ ಅತ್ಯಂತ ಗಟ್ಟಿ ಒಂಟಿ ಬಂಧಗಳಲ್ಲಿ ಅದೊಂದು, ಮೋಲ್‌ಗೆ 485 ಕಿಲೋಜೌಲ್ ಹತ್ರ. ನೀರು, ಹುಳಿ, ಎಣ್ಣೆ ಯಾವುದಕ್ಕೂ ಅದು ಬಿಡಲ್ಲ, ಸಾರಿಗೆ ಫ್ಲೋರೈಡ್ ಇಳಿಯಲ್ಲ. ಖಾಲಿ ತವಾ ಜೋರು ಉರಿಯಲ್ಲಿ ಮರೆತುಬಿಟ್ರೆ ಕೆಟ್ಟ ಹೊಗೆ ಬರತ್ತೆ, ಅದೊಂದು ನೋಡ್ಕೊಳ್ಳಿ.

ಪ್ರಶ್ನೆ: ಸೆಕೆಂಡ್ ಪಿಯು ಓದ್ತಿದೀನಿ. ಎಲೆಕ್ಟ್ರೋನೆಗೆಟಿವಿಟಿ ವ್ಯತ್ಯಾಸ 1.7ಕ್ಕಿಂತ ಜಾಸ್ತಿ ಇದ್ರೆ ಅಯಾನಿಕ್, ಕಮ್ಮಿ ಇದ್ರೆ ಕೋವೇಲೆಂಟ್ ಅಂತ ನೋಟ್ಸ್‌ನಲ್ಲಿದೆ. ಎಚ್‌ಎಫ್‌ಗೆ ಹಾಕಿದ್ರೆ 1.78 ಬರತ್ತೆ. ಆದ್ರೆ ಅದು ಕೋವೇಲೆಂಟ್ ಅಂತಾರೆ. ಯಾವುದು ಸರಿ?
— ವಿದ್ಯಾರ್ಥಿ, ಕೋಲಾರ

ಉತ್ತರ: ಎಚ್‌ಎಫ್, ಅಂದ್ರೆ ಹೈಡ್ರೋಜನ್ ಫ್ಲೋರೈಡ್, ಕೋವೇಲೆಂಟೇ, 19.5 ಡಿಗ್ರಿಗೆಲ್ಲಾ ಕುದಿಯತ್ತೆ, ಅಯಾನಿಕ್ ಹರಳು ಹಾಗೆ ಕುದಿಯಲ್ಲ. 1.7 ಅನ್ನೋದು ಗೋಡೆ ಅಲ್ಲಪ್ಪ. ಪಾಲಿಂಗ್ ಅನ್ನೋ ಅಮೆರಿಕದ ಕೆಮಿಸ್ಟ್ 1932ರಲ್ಲಿ ಎಲೆಕ್ಟ್ರೋನೆಗೆಟಿವಿಟಿಗೆ, ಅಂದ್ರೆ ಬಂಧದಲ್ಲಿರೋ ಎಲೆಕ್ಟ್ರಾನನ್ನ ಪರಮಾಣು ತನ್ನ ಕಡೆ ಎಳ್ಕೊಳ್ಳೋ ಗುಣಕ್ಕೆ, ಅಂಕಿ ಕೊಟ್ರು, ಅವರ ಸೂತ್ರದಲ್ಲಿ ಹಾಕಿದ್ರೆ 1.7ರ ಹತ್ರ ಬಂಧ ಅರ್ಧ ಅಯಾನಿಕ್ ಗುಣ, ಅರ್ಧ ಕೋವೇಲೆಂಟ್ ಗುಣ ಬರತ್ತೆ, ಅಷ್ಟೇ ಅದರ ಮಹಿಮೆ. ಉಲ್ಟಾ ಉದಾಹರಣೆನೂ ನೋಡು, ಸೋಡಿಯಂ ಹೈಡ್ರೈಡ್‌ನಲ್ಲಿ ವ್ಯತ್ಯಾಸ ಬರೀ 1.27, ಆದ್ರೂ ಅದು ಉಪ್ಪಿನ ಥರದ್ದೇ ಅಯಾನಿಕ್ ಹರಳು, ಹೈಡ್ರೋಜನ್ ಅದರಲ್ಲಿ ಮೈನಸ್ ಆಗಿರತ್ತೆ.

ನನ್ನ ಕೇಳಿದ್ರೆ ವ್ಯತ್ಯಾಸ ಕಳೆಯೋದಕ್ಕಿಂತ ವಸ್ತುವನ್ನ ಕೇಳಬೇಕು. ಅಲ್ಯೂಮಿನಿಯಂ ಫ್ಲೋರೈಡ್ ಆವಿ ಆಗಬೇಕಾದ್ರೆ ಸಾವಿರದ ಇನ್ನೂರು ಡಿಗ್ರಿ ದಾಟಬೇಕು, ಅಲ್ಯೂಮಿನಿಯಂ ಕ್ಲೋರೈಡ್ 180ಕ್ಕೇ ಆವಿ. ಒಂದೇ ಲೋಹ, ಆದ್ರೆ ಅಲ್ಯೂಮಿನಿಯಂ ಅಯಾನು ಚಿಕ್ಕದು, ಅದರ ಮೇಲೆ ಮೂರು ಪ್ಲಸ್ಸು, ಕ್ಲೋರೈಡ್‌ನ ದೊಡ್ಡ ಎಲೆಕ್ಟ್ರಾನ್ ಮೋಡವನ್ನ ತನ್ನ ಕಡೆ ಎಳೆದುಬಿಡತ್ತೆ, ಎಳೆದು ಎಳೆದು ಹಂಚಿಕೆ ಮಾಡಿಸಿಬಿಡತ್ತೆ. ಫ್ಲೋರೈಡ್ ಮೋಡ ಚಿಕ್ಕದು, ಬಿಗಿ, ಅಷ್ಟು ಬಗ್ಗಲ್ಲ. ಫಾಜಾನ್ಸ್ ಅನ್ನೋ ಕೆಮಿಸ್ಟ್ 1923ರಲ್ಲಿ ಹೇಳಿದ್ದು ಇದನ್ನೇ. ಪರೀಕ್ಷೆಯಲ್ಲಿ ಒಂದು ಮಾರ್ಕ್ಸಿನ ಪ್ರಶ್ನೆ ಬಂದ್ರೆ 1.7 ಬರೆದು ಬಾ, ಜಗಳ ಮಾಡ್ಬೇಡ.

ಪ್ರಶ್ನೆ: ಸಕ್ಕರೆ, ಮೇಣ ಬೇಗ ಕರಗ್ತವೆ, ಉಪ್ಪು ಕರಗೋಕೆ 801 ಡಿಗ್ರಿ ಬೇಕು. ಆದ್ದರಿಂದ ಕೋವೇಲೆಂಟ್ ಬಂಧ ದುರ್ಬಲ, ಅಯಾನಿಕ್ ಬಂಧ ಪ್ರಬಲ ಅಂತ ಮಕ್ಕಳಿಗೆ ಹೇಳ್ತಾ ಬಂದಿದೀವಿ. ಒಬ್ಬ ಹುಡುಗ ವಜ್ರ ಯಾಕೆ ಗಟ್ಟಿ ಅಂತ ಕೇಳಿ ನಿಲ್ಲಿಸಿಬಿಟ್ಟ.
— ಹೈಸ್ಕೂಲ್ ಮೇಷ್ಟ್ರು, ಮಧುಗಿರಿ

ಉತ್ತರ: ಸಾರ್, ಆ ಹುಡುಗನ್ನ ಮುಂದಿನ ಬೆಂಚಿಗೆ ಕೂರಿಸಿ. ಸಕ್ಕರೆ, ಮೇಣ, ಮಂಜುಗಡ್ಡೆ ಕರಗುವಾಗ ಕೋವೇಲೆಂಟ್ ಬಂಧ ಒಂದೂ ಮುರಿಯಲ್ಲ. ನೀರು ಕುದಿದು ಆವಿ ಆದ್ರೂ ಅದು ನೀರೇ ತಾನೇ, ಹೈಡ್ರೋಜನ್ನು ಆಕ್ಸಿಜನ್ನು ಬೇರೆ ಆಗಿರಲ್ಲವಲ್ಲ. ಬಿಟ್ಟುಹೋಗೋದು ಅಣು ಅಣುವಿನ ಮಧ್ಯೆ ಇರೋ ಎಳೆತ, ನೀರಲ್ಲಿ ಅದು ಮೋಲ್‌ಗೆ ಇಪ್ಪತ್ತು ಕಿಲೋಜೌಲ್ ಆಸುಪಾಸು, ಅಣುವಿನ ಒಳಗಿರೋ ಆಕ್ಸಿಜನ್-ಹೈಡ್ರೋಜನ್ ಬಂಧ 463. ದುರ್ಬಲ ಅಂದ್ರೆ ಯಾವುದು ದುರ್ಬಲ ಅಂತ ಬಿಡಿಸಿ ಹೇಳಿದ್ರೆ ಗೊಂದಲ ಹೋಗತ್ತೆ. ವಜ್ರದಲ್ಲಿ ಬಿಡಿ ಅಣುಗಳೇ ಇಲ್ಲ, ಇಡೀ ಕಲ್ಲೇ ಕೋವೇಲೆಂಟ್ ಬಂಧದ ಬಲೆ, ಕತ್ತರಿಸಬೇಕು ಅಂದ್ರೆ ಬಂಧವನ್ನೇ ಕಡೀಬೇಕು.

ವಜ್ರಕ್ಕೆ ಯಾಕೆ ಹೋಗ್ತೀರಾ, ಕಿಟಕಿಯಿಂದ ಮಧುಗಿರಿ ಬೆಟ್ಟ ತೋರಿಸಿ. ಆ ಏಕಶಿಲೆಯಲ್ಲಿರೋ ಬಿಳಿಕಲ್ಲು, ಅಂದ್ರೆ ಸ್ಫಟಿಕಶಿಲೆ, ಅದು ಸಿಲಿಕಾನ್ ಡೈಆಕ್ಸೈಡ್. ಕಾರ್ಬನ್ ಡೈಆಕ್ಸೈಡ್‌ನ ಅಣ್ಣತಮ್ಮನೇ, ಆದ್ರೆ ಅದು ಗಾಳಿ, ಇದು ಬಂಡೆ. ಕಾರ್ಬನ್ನು ಎರಡು ಆಕ್ಸಿಜನ್ ಜೊತೆ ಎರಡೆರಡು ಬಂಧ ಮಾಡ್ಕೊಂಡು ಪುಟ್ಟ ಅಣುವಾಗಿ ಹಾರಿಹೋಗತ್ತೆ. ಸಿಲಿಕಾನ್ ದಪ್ಪ, ಅಷ್ಟು ಹತ್ರ ಬಂದು ಜೋಡಿಬಂಧ ಮಾಡೋಕೆ ಅದಕ್ಕೆ ಒಗ್ಗಲ್ಲ, ನಾಲ್ಕು ಆಕ್ಸಿಜನ್ ಜೊತೆ ಒಂಟೊಂಟಿ ಬಂಧ ಮಾಡತ್ತೆ, ಆ ಒಂದೊಂದು ಆಕ್ಸಿಜನ್ನೂ ಪಕ್ಕದ ಸಿಲಿಕಾನ್ ಹಿಡಿಯತ್ತೆ, ಹಿಂಗೇ ಬೆಟ್ಟದುದ್ದಕ್ಕೂ. ಕರಗಿಸೋಕೆ ಸುಮಾರು 1700 ಡಿಗ್ರಿ ಬೇಕು, ಉಪ್ಪಿನ ಎರಡರಷ್ಟಕ್ಕೂ ಮೇಲೆ.

ಅದೇ ಬೆಟ್ಟದಲ್ಲಿ ಎರಡೂ ಬಂಧ ಒಟ್ಟಿಗೆ ಇರೋದನ್ನೂ ತೋರಿಸಬಹುದು. ಗ್ರಾನೈಟಿನ ಫೆಲ್ಡ್‌ಸ್ಪಾರ್, ಆ ತೆಳು ಗುಲಾಬಿ, ಬೂದು ಬಣ್ಣದ ಭಾಗ, ಅದರ ಚೌಕಟ್ಟು ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್‌ದು, ಕೋವೇಲೆಂಟ್ ಗುಣ ಜಾಸ್ತಿ. ಆ ಚೌಕಟ್ಟಿಗೆ ಮೈನಸ್ ಚಾರ್ಜ್, ಅದನ್ನ ಸರಿದೂಗಿಸೋಕೆ ಸಂದಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಅಯಾನುಗಳು ಕೂತಿರ್ತವೆ. ಸಾವಿರಾರು ವರ್ಷ ಮಳೆ ಬಿದ್ದು ಬಿದ್ದು ಮೊದಲು ಎದ್ದು ಹೋಗೋದು ಆ ಅಯಾನುಗಳು, ಚೌಕಟ್ಟು ನಿಧಾನಕ್ಕೆ ಮುರಿದು ಜೇಡಿಮಣ್ಣಾಗತ್ತೆ, ಬಿಳಿಕಲ್ಲು ಮಾತ್ರ ಹಂಗೇ ಉಳಿದು ಹಳ್ಳದಲ್ಲಿ ಮರಳಾಗಿ ಸಿಗತ್ತೆ. ಬೆಟ್ಟದ ಬುಡದಲ್ಲಿ ಒಂದು ಹಿಡಿ ಮಣ್ಣು ತೊಳೆದು ನೋಡಿದ್ರೆ ಮಕ್ಕಳಿಗೆ ಮರಳು, ಜೇಡಿ ಎರಡೂ ಸಿಗತ್ತೆ, ಎರಡು ಪೀರಿಯಡ್ ಪಾಠ.

ಪ್ರಶ್ನೆ: ಹಂಗಾದ್ರೆ ನಮ್ಮ ಪಾವಗಡದ ಸೋಲಾರ್ ಪ್ಯಾನಲ್‌ನಲ್ಲಿ ಯಾವ ಬಂಧ?
— ಐಟಿಐ ವಿದ್ಯಾರ್ಥಿ, ಪಾವಗಡ

ಉತ್ತರ: ಪ್ಯಾನಲ್ ಅಂದ್ರೆ ಸಾಮಾನ್ಯವಾಗಿ ಸಿಲಿಕಾನ್, ಒಂದೊಂದು ಪರಮಾಣುವೂ ನಾಲ್ಕು ಪಕ್ಕದವರ ಜೊತೆ ಕೋವೇಲೆಂಟ್ ಬಂಧ, ವಜ್ರದ ಜೋಡಣೆಯೇ. ಆದ್ರೆ ವಜ್ರದಷ್ಟು ಬಿಗಿ ಇಲ್ಲ. ಬಂಧದಲ್ಲಿರೋ ಎಲೆಕ್ಟ್ರಾನನ್ನ ಬಿಡಿಸೋಕೆ 1.1 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಒಂದು ಪುಟ್ಟ ಅಳತೆ) ಸಾಕು, ನಿಮ್ಮೂರ ಬಿಸಿಲಿನಲ್ಲಿ ಕಣ್ಣಿಗೆ ಕಾಣೋ ಬೆಳಕಿಗೆಲ್ಲ ಅದಕ್ಕಿಂತ ಹೆಚ್ಚು ಶಕ್ತಿ ಇದೆ. ನಿಮ್ಮೂರ ಸೋಲಾರ್ ಪಾರ್ಕಿನ 2050 ಮೆಗಾವ್ಯಾಟ್ ಬರೋದು ಹಾಗೆ ಬಿಡಿಸಿಕೊಂಡ ಎಲೆಕ್ಟ್ರಾನ್‌ಗಳಿಂದ. ವಜ್ರಕ್ಕೆ ಸುಮಾರು 5.5 ಬೇಕು, ಅದರ ಪ್ಯಾನಲ್ ಮಾಡಿದ್ರೆ ದುಡ್ಡೂ ಹೋಗತ್ತೆ, ಕರೆಂಟೂ ಬರಲ್ಲ.

ಪ್ರಶ್ನೆ: ನಮ್ಮ ತಾತ ಕೆಜಿಎಫ್ ಮೈನ್ಸ್‌ನಲ್ಲಿದ್ರು. ಚಿನ್ನ ಯಾವುದರ ಜೊತೆಗೂ ಸೇರಲ್ಲ ಅಂತಾರೆ, ಆದ್ರೆ ಸೈನೈಡ್‌ನಲ್ಲಿ ಕರಗಿಸ್ತಿದ್ರು ಅಂತಾನೂ ಹೇಳ್ತಾರೆ. ಹೇಗೆ?
— ಓದುಗರು, ಕೆಜಿಎಫ್

ಉತ್ತರ: ಚಿನ್ನದಲ್ಲಿ ಈ ಎರಡೂ ಬಂಧ ಇಲ್ಲ, ಮೂರನೇದು ಇದೆ, ಲೋಹಬಂಧ. ಹೊರಗಿನ ಎಲೆಕ್ಟ್ರಾನ್‌ಗಳು ಯಾರೊಬ್ಬರದೂ ಅಲ್ಲದೇ ಇಡೀ ತುಂಡಲ್ಲಿ ಓಡಾಡ್ಕೊಂಡಿರ್ತವೆ, ಅದಕ್ಕೇ ಚಿನ್ನ ಬಡಿದ್ರೆ ಒಡೆಯಲ್ಲ, ಹಾಳೆ ಆಗತ್ತೆ. ಉಪ್ಪಿನ ಹರಳನ್ನ ಬಡಿದ್ರೆ ಸಾಲು ಜಾರಿ ಪ್ಲಸ್ ಎದುರು ಪ್ಲಸ್ ಬಂದು ತಳ್ಳಾಡಿ ಸೀಳತ್ತೆ.

ಸೈನೈಡ್ ಅಯಾನಿನಲ್ಲಿ ಕಾರ್ಬನ್ನು ನೈಟ್ರೋಜನ್ನು ಮೂರು ಜೋಡಿ ಎಲೆಕ್ಟ್ರಾನ್ ಹಂಚ್ಕೊಂಡಿರ್ತವೆ, ಒಟ್ಟಾರೆ ಅದರ ಮೇಲೆ ಒಂದು ಮೈನಸ್. ಗಾಳಿಯ ಆಕ್ಸಿಜನ್ ಚಿನ್ನದಿಂದ ಒಂದು ಎಲೆಕ್ಟ್ರಾನ್ ಎಳ್ಕೊಳ್ಳತ್ತೆ, ಆ ಕ್ಷಣಕ್ಕೆ ಎರಡು ಸೈನೈಡ್ ಆ ಕಡೆ ಈ ಕಡೆ ಬಂದು ಕಾರ್ಬನ್ ತುದಿಯಿಂದ ಚಿನ್ನವನ್ನ ಕೋವೇಲೆಂಟ್ ಆಗಿ ಹಿಡ್ಕೊಂಡುಬಿಡ್ತವೆ. ಆ ಗುಂಪಿಗೆ ಮೈನಸ್ ಚಾರ್ಜ್ ಇರೋದ್ರಿಂದ ನೀರಲ್ಲಿ ಕರಗತ್ತೆ. ಆಮೇಲೆ ಸತುವಿನ ಪುಡಿ ಹಾಕಿದ್ರೆ ಚಿನ್ನ ವಾಪಸ್ ಗಟ್ಟಿಯಾಗಿ ಬೀಳತ್ತೆ. ಈ ಕ್ರಮಕ್ಕೆ 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಪೇಟೆಂಟ್ ಆಯ್ತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ತು, ಚಿನ್ನ ತೆಗೆದುಬಿಟ್ಟ ಪುಡಿಯೇ ಈಗ ನೀವು ನೋಡೋ ಸೈನೈಡ್ ಗುಡ್ಡಗಳು. ಗಾಳಿ ಕಾಲದಲ್ಲಿ ಆ ಧೂಳು ಮನೆಯೊಳಗೆ ಬರೋ ಕಡೆ ಇದ್ರೆ ಮಕ್ಕಳನ್ನ ಅದರ ಮೇಲೆ ಆಡೋಕೆ ಬಿಡಬೇಡಿ, ಸೈನೈಡ್ ಹೋಗಿದ್ರೂ ಅಷ್ಟು ನುಣ್ಣಗೆ ಅರೆದ ಬಂಡೆಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಪ್ರಶ್ನೆ: ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ರೇ ಹಾಕಬೇಕಾ? ಮನೆ ಆರ್‌ಓ ನೀರು ಆಗಲ್ವಾ?
— ಅಂಗಡಿಯವರು, ತುಮಕೂರು

ಉತ್ತರ: ಆಗಲ್ಲ. ಶುದ್ಧ ನೀರು ಕೋವೇಲೆಂಟ್ ಅಣುಗಳೇ, ಅದರಲ್ಲಿ ಅಯಾನು ಎಷ್ಟು ಕಮ್ಮಿ ಅಂದ್ರೆ ಕರೆಂಟ್ ಹೆಚ್ಚುಕಮ್ಮಿ ಹರಿಯೋದೇ ಇಲ್ಲ. ಆರ್‌ಓ ನೀರಲ್ಲಿ ಕಮ್ಮಿ ಆಗಿದ್ರೂ ಕ್ಲೋರೈಡ್, ಕ್ಯಾಲ್ಸಿಯಂ ಉಳಿದೇ ಇರತ್ತೆ, ರುಚಿಗೆ ಅಂತ ಕೆಲವು ಮಶೀನ್ ವಾಪಸ್ ಸೇರಿಸೋದೂ ಉಂಟು. ಬ್ಯಾಟರಿಯಿಂದ ಆವಿಯಾಗಿ ಹೋಗೋದು ನೀರು ಮಾತ್ರ, ಹಾಗಾಗಿ ಪ್ರತಿ ಸಲ ಹಾಕಿದ ಅಯಾನು ಒಳಗೇ ಜಮಾ ಆಗ್ತಾ ಬರತ್ತೆ. ಕ್ಲೋರೈಡ್ ಸೀಸದ ಪ್ಲೇಟ್ ತಿನ್ನತ್ತೆ, ಕಬ್ಬಿಣ ಇದ್ರೆ ಬ್ಯಾಟರಿ ಸುಮ್ನಿದ್ದಾಗಲೂ ಚಾರ್ಜ್ ಇಳಿಸತ್ತೆ. ಡಿಸ್ಟಿಲ್ಡ್ ವಾಟರ್ ಕ್ಯಾನ್ ತಗೊಂಡು ಗುರುತಿನವರೆಗೆ ಮಾತ್ರ ತುಂಬಿ, ಆಸಿಡ್ ಸೇರಿಸೋಕೆ ಹೋಗಬೇಡಿ, ಅದು ಆವಿ ಆಗಿರಲ್ಲ.